ಎಂಟು ಇಂಚಿನ ಜೋಡಣೆ: ಆರ್ಟೆಮಿಸ್-1 ರಾಕೆಟ್‌ಗೆ ಹೈಡ್ರೋಜನ್ ತುಂಬಿದ ಪ್ರಕರಣ

2022ರ ಸೆಪ್ಟೆಂಬರ್ 3, ಶನಿವಾರ. ಫ್ಲೋರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದ 39ಬಿ ಲಾಂಚ್ ಪ್ಯಾಡ್‌ನಲ್ಲಿ ನಾಸಾದ ಆರ್ಟೆಮಿಸ್-1 ಎಂಬ ಹಾರಾಟಕ್ಕೆ 98 ಮೀಟರ್ ಎತ್ತರದ ರಾಕೆಟ್ ನಿಂತಿತ್ತು. ಮಧ್ಯಾಹ್ನ 2.17ಕ್ಕೆ ಅದು ಚಂದ್ರನ ಕಡೆ ಹೊರಡಬೇಕಿತ್ತು. ಬೆಳಗ್ಗೆ ಏಳೂಕಾಲರ ಸುಮಾರಿಗೆ, ಇಂಧನದ ಪೈಪು ರಾಕೆಟ್ಟಿನ ಬುಡಕ್ಕೆ ಸೇರುವ ಜಾಗದಲ್ಲಿ ಹೈಡ್ರೋಜನ್ ಸೋರುತ್ತಿದೆ ಎಂದು ಸೆನ್ಸರ್ ತೋರಿಸಿತು. ತುಂಬುವುದನ್ನು ನಿಲ್ಲಿಸಿದರು. ಆ ಜಾಗ ಸ್ವಲ್ಪ ಬೆಚ್ಚಗಾಗಲಿ ಎಂದು ಕಾದು ಮತ್ತೆ ಹೈಡ್ರೋಜನ್ ಬಿಟ್ಟರು. ಸೋರಿತು. ಹೀಲಿಯಂ ಒತ್ತಡ ಕೊಟ್ಟು ಸೀಲನ್ನು ಕೂರಿಸಲು ನೋಡಿದರು. ಸೋರಿತು. ಇನ್ನೊಮ್ಮೆ ಬೆಚ್ಚಗೆ ಮಾಡಿದರು. ಆಗಲೂ ಸೋರಿತು. 11.17ಕ್ಕೆ ಲಾಂಚ್ ಡೈರೆಕ್ಟರ್ ಚಾರ್ಲಿ ಬ್ಲ್ಯಾಕ್‌ವೆಲ್-ಥಾಂಪ್ಸನ್ ಅವತ್ತಿನ ಹಾರಾಟ ರದ್ದು ಮಾಡಿದರು.

ಹೈಡ್ರೋಜನ್ ಇಂಧನದ ಮಾತು ಬಂದಾಗೆಲ್ಲ ನಾವು ಅದನ್ನು ತಯಾರಿಸುವ ಖರ್ಚು, ತುಂಬಿಡುವ ಟ್ಯಾಂಕ್, ಉರಿಸುವ ಎಂಜಿನ್ ಇವುಗಳ ಬಗ್ಗೆ ಮಾತಾಡುತ್ತೇವೆ. ಎರಡು ಪೈಪುಗಳು ಸೇರುವ ಜಾಗದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಆದರೆ ಈ ಪ್ರಕರಣದಲ್ಲಿ ತಿಂಗಳುಗಟ್ಟಲೆ ಕಾಡಿದ್ದು ಅದೇ ಜಾಗ. ಟ್ಯಾಂಕ್ ಸರಿ ಇತ್ತು. ಎಂಜಿನ್‌ಗಳೂ ಸರಿ ಇದ್ದವು. ಮಧ್ಯದ ಸಂದು ಮಾತ್ರ ಮಾತು ಕೇಳಲಿಲ್ಲ.

ಈ ಇಂಧನವೇ ಯಾಕೆ

ರಾಕೆಟ್ಟಿನ ಹೆಸರು ಸ್ಪೇಸ್ ಲಾಂಚ್ ಸಿಸ್ಟಮ್. ಅದರ ಮಧ್ಯಭಾಗವಾದ ಕೋರ್ ಸ್ಟೇಜ್‌ನ ಬುಡದಲ್ಲಿ ನಾಲ್ಕು ಆರ್‌ಎಸ್-25 ಎಂಜಿನ್‌ಗಳಿವೆ. ಇವು ದ್ರವ ಹೈಡ್ರೋಜನ್ ಮತ್ತು ದ್ರವ ಆಮ್ಲಜನಕವನ್ನು ಉರಿಸುತ್ತವೆ. ಹೈಡ್ರೋಜನ್ ಉರಿದಾಗ ಹೊರಗೆ ಬರುವ ಅನಿಲ ತುಂಬ ಹಗುರ. ಹಗುರವಾದ್ದರಿಂದ ವೇಗ ಜಾಸ್ತಿ. ನಿರ್ವಾತದಲ್ಲಿ ಅದು ಸೆಕೆಂಡಿಗೆ ಸುಮಾರು 4.4 ಕಿಲೋಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಸೀಮೆಎಣ್ಣೆ ಉರಿಸುವ ಎಂಜಿನ್‌ಗಳಲ್ಲಿ ಈ ವೇಗ ಒಂದು ಕಿಲೋಮೀಟರ್‌ನಷ್ಟು ಕಡಿಮೆ. ಚಂದ್ರನವರೆಗೆ ಭಾರ ಹೊರಬೇಕಾದಾಗ ಈ ವ್ಯತ್ಯಾಸ ಸಣ್ಣದಲ್ಲ.

ಇನ್ನೊಂದು ಕಾರಣವೂ ಇದೆ. ಅದನ್ನು ಮರೆಮಾಚಿ ಹೇಳುವುದು ಬೇಡ. 2010ರಲ್ಲಿ ಅಮೆರಿಕದ ಸಂಸತ್ತು ಈ ರಾಕೆಟ್ ಕಟ್ಟಲು ಹೇಳಿದಾಗ, ಆದಷ್ಟೂ ಆಗಿನ ಬಾಹ್ಯಾಕಾಶ ವಾಹನವಾದ ಸ್ಪೇಸ್ ಶಟಲ್‌ನ ಸಾಮಾನು, ತಂತ್ರ, ಕೆಲಸಗಾರರನ್ನೇ ಬಳಸಿ ಎಂದಿತ್ತು. ಶಟಲ್‌ನ ಎಂಜಿನ್ ಬಂತು ಎಂದರೆ ಶಟಲ್‌ನ ಇಂಧನವೂ ಬಂತು. ಆ ಇಂಧನದ ಹಳೇ ಕಾಟವೂ ಜೊತೆಗೇ ಬಂತು.

ಇನ್ನು ಟ್ಯಾಂಕ್ ಲೆಕ್ಕ. ಕೋರ್ ಸ್ಟೇಜ್‌ಗೆ ಸುಮಾರು 20 ಲಕ್ಷ ಲೀಟರ್ ಹೈಡ್ರೋಜನ್ ಹಿಡಿಯುತ್ತದೆ, ಆಮ್ಲಜನಕ ಸುಮಾರು 7.4 ಲಕ್ಷ ಲೀಟರ್. ಗಾತ್ರದಲ್ಲಿ ಹೈಡ್ರೋಜನ್ ಎರಡೂವರೆ ಪಟ್ಟಿಗಿಂತ ಜಾಸ್ತಿ. ತೂಕ ನೋಡಿದರೆ ಹೈಡ್ರೋಜನ್ ಸುಮಾರು 144 ಟನ್, ಆಮ್ಲಜನಕ 840 ಟನ್. ಒಂದು ಲೀಟರ್ ದ್ರವ ಹೈಡ್ರೋಜನ್ ಕೇವಲ 71 ಗ್ರಾಂ ತೂಗುತ್ತದೆ. ಕಿಲೋ ಲೆಕ್ಕದಲ್ಲಿ ಅದು ಪೆಟ್ರೋಲ್‌ಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತದೆ. ಲೀಟರ್ ಲೆಕ್ಕಕ್ಕೆ ಇಳಿದರೆ ಪೆಟ್ರೋಲ್‌ನ ಕಾಲುಭಾಗದ ಆಸುಪಾಸು. ಹೈಡ್ರೋಜನ್ ಬಗ್ಗೆ ಯಾರಾದರೂ ಬರೀ ಕಿಲೋ ಲೆಕ್ಕ ಹೇಳಿದರೆ ಲೀಟರ್ ಲೆಕ್ಕ ಕೇಳಬೇಕು.

ದ್ರವವಾಗಿರಬೇಕಾದರೆ ಅದು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಆ ಚಳಿಗೆ ಗಾಳಿಯೇ ಗಟ್ಟಿಯಾಗುತ್ತದೆ. ಸಾರಜನಕ, ಆಮ್ಲಜನಕ ಎರಡೂ ಹೆಪ್ಪುಗಟ್ಟುತ್ತವೆ. ಹಾಗಾಗಿ ಹೈಡ್ರೋಜನ್ ಓಡಾಡುವ ಪೈಪಿನೊಳಗೆ ಒಂಚೂರು ಗಾಳಿ ಉಳಿದರೂ ಕಷ್ಟ. ಅದನ್ನು ತೊಳೆದು ಹೊರಹಾಕಲು ಕೊನೆಗೆ ಹೀಲಿಯಂ ಒಂದೇ ಗತಿ. ಆ ಚಳಿಯಲ್ಲೂ ಅನಿಲವಾಗಿಯೇ ಉಳಿಯುವುದು ಅದು ಮಾತ್ರ. ಪೈಪಿನ ಸುತ್ತ ಇನ್ನೊಂದು ಪೈಪು, ನಡುವೆ ನಿರ್ವಾತ. ಇಲ್ಲದಿದ್ದರೆ ಹೊರಗಿನ ಗಾಳಿಯೇ ಪೈಪಿನ ಮೇಲೆ ದ್ರವವಾಗಿ ತೊಟ್ಟಿಕ್ಕುತ್ತದೆ. ಒಂದು ಲೀಟರ್ ದ್ರವ ಹೈಡ್ರೋಜನ್ ಆವಿಯಾಗಲು ಬೇಕಾದ ಶಾಖವೂ ತೀರಾ ಕಡಿಮೆ. ಒಂದು ಲೀಟರ್ ನೀರಿಗೆ ಬೇಕಾಗುವುದರ ಎಪ್ಪತ್ತನೇ ಒಂದು ಭಾಗ ಸಾಕು. ಸ್ವಲ್ಪ ಬಿಸಿ ತಾಗಿದರೆ ಸಾಕು, ಆವಿಯಾಗಿ ಎದ್ದೇಬಿಡುತ್ತದೆ.

ಆ ಜೋಡಣೆ ಹೇಗಿರುತ್ತದೆ

ಲಾಂಚ್ ಪ್ಯಾಡ್‌ನಿಂದ ನೂರಾರು ಮೀಟರ್ ದೂರದಲ್ಲಿ ಗೋಳಾಕಾರದ ದೊಡ್ಡ ಟ್ಯಾಂಕ್ ಇದೆ. ಅಲ್ಲಿಂದ ನಿರ್ವಾತದ ಹೊದಿಕೆಯಿರುವ ಪೈಪು ಪ್ಯಾಡಿಗೆ ಬರುತ್ತದೆ. ಅಲ್ಲಿ ರಾಕೆಟ್ ನಿಂತಿರುವ ಮೊಬೈಲ್ ಲಾಂಚರ್ ಎಂಬ ಉಕ್ಕಿನ ಕಟ್ಟಡವನ್ನು ಹತ್ತುತ್ತದೆ. ರಾಕೆಟ್ಟಿನ ಬುಡದ ಪಕ್ಕದಲ್ಲಿ ಸುಮಾರು ಹತ್ತು ಮೀಟರ್ ಎತ್ತರದ ಎರಡು ಕಂಬಗಳಿವೆ. ಒಂದು ಆಮ್ಲಜನಕಕ್ಕೆ, ಇನ್ನೊಂದು ಹೈಡ್ರೋಜನ್‌ಗೆ. ಇವುಗಳಿಗೆ ಟೇಲ್ ಸರ್ವಿಸ್ ಮಾಸ್ಟ್ ಅಂಬಿಲಿಕಲ್ ಎಂದು ಹೆಸರು. ಅಂಬಿಲಿಕಲ್ ಅಂದರೆ ಹೊಕ್ಕುಳಬಳ್ಳಿ. ಹೆಸರು ಚೆನ್ನಾಗಿದೆ, ಕೆಲಸವೂ ಅದೇ. ಹುಟ್ಟುವ ಗಳಿಗೆವರೆಗೆ ಊಟ ಕೊಡಬೇಕು, ಹುಟ್ಟಿದ ಕೂಡಲೇ ಬಿಟ್ಟುಬಿಡಬೇಕು.

ಹೈಡ್ರೋಜನ್ ಕಂಬದಿಂದ ಎರಡು ಮುಖ್ಯ ಪೈಪುಗಳು ರಾಕೆಟ್ಟಿಗೆ ಸೇರುತ್ತವೆ. ಎಂಟು ಇಂಚಿನದು ಟ್ಯಾಂಕ್ ತುಂಬಲು. ನಾಲ್ಕು ಇಂಚಿನದು ಎಂಜಿನ್‌ಗಳನ್ನು ತಣ್ಣಗೆ ಮಾಡಿ ಬಂದ ಹೈಡ್ರೋಜನ್ ವಾಪಸ್ ಹೋಗಲು. ಎರಡೂ ಕಡೆ ಕ್ವಿಕ್ ಡಿಸ್ಕನೆಕ್ಟ್ ಎಂಬ ಜೋಡಣೆ ಇದೆ. ಒಂದು ಭಾಗ ನೆಲದ್ದು, ಇನ್ನೊಂದು ಭಾಗ ರಾಕೆಟ್ಟಿನದ್ದು, ನಡುವೆ ಸೀಲ್.

ಇಲ್ಲಿಯೇ ಎಲ್ಲ ಕಷ್ಟ ಇರುವುದು. ಬಿಗಿಯಾಗಿ ಕೂರಬೇಕು ಎಂದರೆ ಬೆಸುಗೆ ಹಾಕಿದರೆ ಆಯಿತು, ಸೋರಿಕೆಯ ಮಾತೇ ಬರುವುದಿಲ್ಲ. ಬೋಲ್ಟ್ ಹಾಕಿ ಬಿಗಿ ಮಾಡಿದರೂ ನಡೆಯುತ್ತದೆ. ಆದರೆ ಈ ಜೋಡಣೆ ರಾಕೆಟ್ ಮೇಲೇಳುವ ಆ ಒಂದು ಕ್ಷಣದಲ್ಲಿ ತಾನಾಗಿ ಬಿಚ್ಚಿಕೊಳ್ಳಲೇಬೇಕು. ಬಿಚ್ಚದಿದ್ದರೆ ರಾಕೆಟ್ಟನ್ನೇ ಕಳೆದುಕೊಂಡಂತೆ. ಒಂದೇ ಸಂದು ಗಂಟೆಗಟ್ಟಲೆ ಅಣುವನ್ನೂ ಬಿಡದಂತೆ ಹಿಡಿದಿರಬೇಕು, ಆಮೇಲೆ ರೆಪ್ಪೆ ಬಡಿಯುವಷ್ಟರಲ್ಲಿ ಕೈಬಿಡಬೇಕು.

ಈಗ ಚಳಿಯನ್ನು ಸೇರಿಸಿ ನೋಡಿ. ಎಂಟು ಇಂಚು ಅಂದರೆ 203 ಮಿಲಿಮೀಟರ್. ಕೋಣೆಯ ತಾಪದಿಂದ ದ್ರವ ಹೈಡ್ರೋಜನ್‌ನ ತಾಪಕ್ಕೆ ಇಳಿದಾಗ ಸ್ಟೀಲ್ ಶೇಕಡಾ 0.3ರಷ್ಟು ಕುಗ್ಗುತ್ತದೆ. ಅಂದರೆ ಆ ವ್ಯಾಸದ ಸ್ಟೀಲ್ ಉಂಗುರ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಸಣ್ಣದಾಗುತ್ತದೆ. ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ ಬಳಸುವ ಟೆಫ್ಲಾನ್ ಶೇಕಡಾ 2ರಷ್ಟು ಕುಗ್ಗುತ್ತದೆ. ಅದೇ ಅಳತೆಯ ಟೆಫ್ಲಾನ್ ಉಂಗುರವನ್ನು ಸುಮ್ನೆ ಬಿಟ್ಟರೆ ನಾಲ್ಕು ಮಿಲಿಮೀಟರ್ ಸಣ್ಣದಾಗುತ್ತದೆ. ಬೆಳಗ್ಗೆ ಪಕ್ಕಾ ಅಳತೆಯಲ್ಲಿ ಕೂತಿದ್ದ ಎರಡು ವಸ್ತುಗಳು ಮಧ್ಯಾಹ್ನಕ್ಕೆ ಬೇರೆ ಬೇರೆ ಅಳತೆಯವು. ಮೃದುವಾಗಿ ಒತ್ತಿಕೊಳ್ಳುತ್ತಿದ್ದ ಸೀಲ್ ಆ ಚಳಿಗೆ ಗಟ್ಟಿಯೂ ಆಗಿರುತ್ತದೆ. ಅದನ್ನು ಜಾಗದಲ್ಲೇ ಒತ್ತಿ ಹಿಡಿಯುವಂತೆ ಲೋಹದ ಭಾಗಗಳನ್ನು ರೂಪಿಸಬೇಕು. ಚಳಿ ಎಲ್ಲ ಕಡೆಯೂ ಒಂದೇ ಸಮಕ್ಕೆ ಇಳಿಯದಿದ್ದರೆ ಸೀಲ್ ಒಂದು ಬದಿಗೆ ಓರೆಯಾಗಿ ಕೂರುತ್ತದೆ. ಅವತ್ತು ಬೆಚ್ಚಗೆ ಮಾಡಿ ಮತ್ತೆ ತಣ್ಣಗೆ ಮಾಡಿದ್ದರ ಹಿಂದಿನ ಯೋಚನೆ ಇದೇ. ಕುಗ್ಗಿದ್ದು ಹಿಗ್ಗಲಿ, ಮತ್ತೆ ಕುಗ್ಗುವಾಗ ಸರಿಯಾಗಿ ಕೂರಲಿ.

ಹೈಡ್ರೋಜನ್ ಅಣು ತುಂಬ ಸಣ್ಣದು, ಅದಕ್ಕೇ ಸೋರುತ್ತದೆ ಎನ್ನುವ ಮಾತನ್ನು ನೀವು ಕೇಳಿರುತ್ತೀರಿ, ಅಲ್ವಾ? ಅರ್ಧ ಸತ್ಯ. ಹೀಲಿಯಂ ಅದಕ್ಕಿಂತಲೂ ಸಣ್ಣದು. ಆದರೆ ಹೈಡ್ರೋಜನ್ ತುಂಬ ತೆಳು. ಅನಿಲಕ್ಕೂ ಒಂದು ಬಗೆಯ ಮಂದತನ ಇರುತ್ತದೆ, ಎಣ್ಣೆಗೆ ಇರುವ ಹಾಗೆ. ಹೈಡ್ರೋಜನ್‌ನದು ಹೀಲಿಯಂನ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಬಿರುಕಿನಂಥ ದಾರಿ ಸಿಕ್ಕರೆ ಅದು ಹೀಲಿಯಂಗಿಂತ ಸಲೀಸಾಗಿ ಹರಿಯುತ್ತದೆ. ಕೋಣೆಯ ತಾಪದಲ್ಲಿ ಹೀಲಿಯಂ ಹಾಕಿ ಪರೀಕ್ಷೆ ಮಾಡಿ ಸೋರಿಕೆ ಇಲ್ಲ ಎಂದು ಸಹಿ ಹಾಕಿದ ಜೋಡಣೆ, ಹೈಡ್ರೋಜನ್ ಬಂದ ದಿನ ಸೋರಬಹುದು. ಬಿಸಿಯಲ್ಲಿದ್ದಾಗ ಇಲ್ಲದ ದಾರಿ ಚಳಿಯಲ್ಲಿ ತೆರೆದುಕೊಂಡಿರುತ್ತದೆ.

ಸೋರಿದರೆ ಏನಾಗುತ್ತದೆ? ಗಾಳಿಯಲ್ಲಿ ಹೈಡ್ರೋಜನ್ ಶೇಕಡಾ 4 ಮುಟ್ಟಿದರೆ ಹೊತ್ತಿಕೊಳ್ಳಬಹುದು, 75ರವರೆಗೂ ಹೊತ್ತಿಕೊಳ್ಳುತ್ತದೆ. ಕಿಡಿ ತೀರಾ ಸಣ್ಣದಿದ್ದರೂ ಸಾಕು, ಪೆಟ್ರೋಲ್ ಆವಿಗೆ ಬೇಕಾಗುವುದರ ಹತ್ತನೇ ಒಂದು ಭಾಗ. ಬೆಂಕಿ ಹತ್ತಿದರೂ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಹಿಂದೆ ನಾಸಾದ ಕೆಲಸಗಾರರು ಸೋರಿಕೆಯ ಅನುಮಾನ ಇದ್ದ ಕಡೆ ಉದ್ದ ಪೊರಕೆ ಮುಂದೆ ಚಾಚಿಕೊಂಡು ನಡೆಯುತ್ತಿದ್ದರಂತೆ. ಪೊರಕೆ ಉರಿಯತೊಡಗಿದರೆ ಅಲ್ಲಿ ಬೆಂಕಿ ಇದೆ ಎಂದರ್ಥ.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ

ಸೆಪ್ಟೆಂಬರ್ 3ರ ಸೋರಿಕೆ ದಿಢೀರ್ ಬಂದದ್ದಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಇಂಧನ ತುಂಬಿ, ಹಾರಿಸದೆ, ಕೌಂಟ್‌ಡೌನ್ ಎಣಿಕೆ ಮಾತ್ರ ಮಾಡುವ ತಾಲೀಮು ಶುರುವಾಯಿತು. ಬೇರೆ ಬೇರೆ ತೊಂದರೆಗಳಿಂದ ಅದು ನಿಂತು ನಿಂತು ಸಾಗಿತು. ಏಪ್ರಿಲ್ 14ರಂದು ಹೈಡ್ರೋಜನ್ ಟ್ಯಾಂಕ್ ಶೇಕಡಾ 5ರಷ್ಟು ತುಂಬುವಷ್ಟರಲ್ಲಿ ಹೊಕ್ಕುಳಬಳ್ಳಿಯ ಕಡೆ ಸೋರಿಕೆ ಕಂಡಿತು. ರಾಕೆಟ್ಟನ್ನು ಜೋಡಣಾ ಕಟ್ಟಡಕ್ಕೆ ವಾಪಸ್ ಒಯ್ದು ಬೋಲ್ಟ್‌ಗಳನ್ನು ಬಿಗಿ ಮಾಡಿದರು.

ಜೂನ್ 20ರಂದು ಮತ್ತೆ ತಾಲೀಮು. ಈ ಸಲ ಎರಡೂ ಟ್ಯಾಂಕ್ ತುಂಬಿದವು. ಸೋರಿದ್ದು ನಾಲ್ಕು ಇಂಚಿನ ಜೋಡಣೆ. ಅವತ್ತೊಂದು ದಿಟ್ಟ ತೀರ್ಮಾನ ಮಾಡಿದರು. ಆ ಸೋರಿಕೆಯ ಸೂಚನೆಯನ್ನು ಎಣಿಕೆ ನಡೆಸುವ ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಿ ಮುಂದುವರಿದರು. ಎಣಿಕೆ ಕೊನೆಯ 29 ಸೆಕೆಂಡಿನವರೆಗೆ ಹೋಗಿ ನಿಂತಿತು. ತಾಲೀಮಿನ ಉದ್ದೇಶಕ್ಕೆ ಸಾಕು ಎಂದು ತೀರ್ಮಾನಿಸಿದರು. ಎಂಜಿನ್ ಹೊತ್ತಿಸದ ದಿನ ಸೋರಿಕೆಯನ್ನು ಬದಿಗಿಟ್ಟು ಉಳಿದದ್ದನ್ನು ಕಲಿಯುವುದು ತಪ್ಪಲ್ಲ. ಆದರೆ ಅದರಿಂದ ಒಂದು ಸಾಲ ಉಳಿಯಿತು. ಸೋರದೆ ತುಂಬಿ ಕೊನೆವರೆಗೆ ಹೋದ ದಿನ ಒಂದೂ ಇಲ್ಲದೆಯೇ ಅವರು ಹಾರಾಟದ ದಿನಕ್ಕೆ ಬಂದರು. ನನ್ನ ಕಣ್ಣಿಗೆ ಈ ಪ್ರಕರಣದ ದುರ್ಬಲ ತೀರ್ಮಾನ ಇದೇ.

ಆಗಸ್ಟ್ 29ರ ಮೊದಲ ಪ್ರಯತ್ನದಲ್ಲೂ ಎಂಟು ಇಂಚಿನ ಜೋಡಣೆ ಸ್ವಲ್ಪ ಸೋರಿತು, ಸಂಭಾಳಿಸಿಕೊಂಡರು. ಅವತ್ತು ಹಾರಾಟ ನಿಂತದ್ದು ಬೇರೆ ಕಾರಣಕ್ಕೆ. ಮೂರನೇ ಎಂಜಿನ್ ಸಾಕಷ್ಟು ತಣ್ಣಗಾಗಿಲ್ಲ ಎಂದು ಒಂದು ಸೆನ್ಸರ್ ಹೇಳಿತು. ಕೆಟ್ಟಿದ್ದು ಸೆನ್ಸರ್ ಎಂದು ಆಮೇಲೆ ಗೊತ್ತಾಯಿತು.

ಸೆಪ್ಟೆಂಬರ್ 3ರಂದು ಸೋರಿಕೆ ದೊಡ್ಡದಿತ್ತು. ಜೋಡಣೆಯ ಸುತ್ತ ಸೇರುವ ಹೈಡ್ರೋಜನ್‌ಗೆ ಮಿತಿ ಶೇಕಡಾ 4, ಅಳತೆ ಅದರ ಎರಡು ಮೂರು ಪಟ್ಟು ಹೋಗಿತ್ತು. ಅದಕ್ಕೂ ಮುಂಚೆ ಇನ್ನೊಂದು ಎಡವಟ್ಟು ಆಗಿತ್ತು. ಪೈಪನ್ನು ತಣ್ಣಗೆ ಮಾಡುವ ಹಂತದಲ್ಲಿ ತಪ್ಪು ಕಮಾಂಡ್ ಹೋಗಿ ಒತ್ತಡ ಸ್ವಲ್ಪ ಹೊತ್ತು ಮೂರು ಪಟ್ಟಾಗಿತ್ತು. ಇರಬೇಕಾದದ್ದು 20 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ), ಏರಿದ್ದು 60. ಸೋರಿಕೆಗೆ ಅದೇ ಕಾರಣ ಎಂದು ಯೋಜನೆಯ ಮುಖ್ಯಸ್ಥರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಬಿಚ್ಚಿ ನೋಡಿದಾಗ

ರಿಪೇರಿ ಎಲ್ಲಿ ಮಾಡುವುದು ಎಂಬುದು ಮೊದಲ ಪ್ರಶ್ನೆಯಾಯಿತು. ಜೋಡಣಾ ಕಟ್ಟಡಕ್ಕೆ ಒಯ್ದರೆ ಗಾಳಿ ಮಳೆಯ ಭಯ ಇಲ್ಲ, ಕೈಗೆ ಎಲ್ಲ ಸಿಗುತ್ತದೆ. ಆದರೆ ಅಲ್ಲಿ ಹೈಡ್ರೋಜನ್ ತುಂಬುವ ಹಾಗಿಲ್ಲ. ರಿಪೇರಿ ಸರಿಯಾಯಿತೇ ಎಂದು ಕೋಣೆಯ ತಾಪದಲ್ಲಷ್ಟೇ ನೋಡಬಹುದು. ಆ ಪರೀಕ್ಷೆಯ ಬೆಲೆ ಎಷ್ಟು ಎನ್ನುವುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಹಾಗಾಗಿ ಪ್ಯಾಡ್‌ನಲ್ಲೇ ಜೋಡಣೆಯ ಸುತ್ತ ಟೆಂಟಿನಂಥ ಮರೆ ಕಟ್ಟಿ, ಅದರೊಳಗೆ ಬಿಚ್ಚಿದರು.

ಎಂಟು ಇಂಚಿನ ಸೀಲ್ ಮೇಲೆ ಒಂದು ತಗ್ಗು ಸಿಕ್ಕಿತು. ಅಳತೆ ಇಂಚಿನ ನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ನಮ್ಮ ಲೆಕ್ಕದಲ್ಲಿ ಕಾಲು ಮಿಲಿಮೀಟರ್. ಯಾವುದೋ ಪುಡಿ ಕಸ ಸಿಕ್ಕಿಹಾಕಿಕೊಂಡು ಒತ್ತಿದರೆ ಇಂಥ ಗುರುತು ಬೀಳಬಹುದು. ಉಗುರಿನಿಂದ ಸವರಿದರೆ ತಿಳಿಯುವಷ್ಟು. ಬೇರೆ ಯಾವ ಇಂಧನಕ್ಕಾದರೂ ಇದು ದೊಡ್ಡ ವಿಷಯವಾಗುತ್ತಿರಲಿಲ್ಲವೇನೋ. ಹೈಡ್ರೋಜನ್ ಅಣುವಿನ ಅಡ್ಡಳತೆ 0.29 ನ್ಯಾನೋಮೀಟರ್. ಆ ತಗ್ಗಿನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅಣುಗಳು ಸಾಲಾಗಿ ನಿಲ್ಲಬಹುದು. ಎರಡೂ ಜೋಡಣೆಗಳ ಸೀಲ್ ಬದಲಿಸಿದರು.

ಸೀಲ್ ಬದಲಾಯಿಸಿದ್ದಕ್ಕಿಂತ ಮುಖ್ಯವಾದದ್ದು ತುಂಬುವ ಕ್ರಮ ಬದಲಾಯಿಸಿದ್ದು ಎಂದು ನನಗನಿಸುತ್ತದೆ. ಆಮ್ಲಜನಕವನ್ನು ಪಂಪ್ ಹಾಕಿ ತಳ್ಳುತ್ತಾರೆ. ಹೈಡ್ರೋಜನ್ ತುಂಬ ಹಗುರವಾದ್ದರಿಂದ ಅದರ ಒಂದಿಷ್ಟನ್ನು ಆವಿ ಮಾಡಿ, ಆ ಒತ್ತಡದಿಂದಲೇ ಉಳಿದದ್ದನ್ನು ತಳ್ಳಿದರೆ ಸಾಕು. ಮೊದಲು ಪೈಪು ತಣ್ಣಗಾಗಬೇಕು, ಆಮೇಲೆ ನಿಧಾನ ತುಂಬುವುದು, ಆಮೇಲೆ ಜೋರಾಗಿ ತುಂಬುವುದು. ಸೋರಿಕೆ ಬರುತ್ತಿದ್ದದ್ದು ಹೆಚ್ಚಾಗಿ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ. ಒತ್ತಡ, ತಾಪ ಎರಡೂ ಒಟ್ಟಿಗೆ ಬದಲಾಗುವ ಹೊತ್ತು ಅದು. ಹೊಸ ಕ್ರಮದಲ್ಲಿ ಇವೆರಡನ್ನೂ ನಿಧಾನವಾಗಿ ಏರಿಸುವುದು, ಸೀಲ್‌ಗೆ ಕೂರಲು ಸಮಯ ಕೊಡುವುದು ಎಂದಾಯಿತು.

ಸೆಪ್ಟೆಂಬರ್ 21ರಂದು ಬರೀ ಇಂಧನ ತುಂಬುವ ಪರೀಕ್ಷೆ ನಡೆಸಿದರು. ಎಂಟು ಇಂಚಿನ ಜೋಡಣೆ ಮತ್ತೆ ಸೋರಿತು, ಈ ಸಲ ಶೇಕಡಾ 7. ನಿಲ್ಲಿಸಿ, ಬೆಚ್ಚಗೆ ಮಾಡಿ, ಮತ್ತೆ ನಿಧಾನಕ್ಕೆ ಶುರು ಮಾಡಿದರು. ಸೀಲ್ ಕೂತಿತು. ಸೋರಿಕೆ ಮಿತಿಯೊಳಗೆ ಇಳಿದು ಅಲ್ಲೇ ಉಳಿಯಿತು. ನಾಲ್ಕು ಇಂಚಿನದು ಒಮ್ಮೆ ಮಿತಿ ದಾಟಿ, ಹರಿವು ಕಡಿಮೆಯಾದಂತೆ ಇಳಿಯಿತು. ಟ್ಯಾಂಕ್ ಪೂರ್ತಿ ತುಂಬಿತು. ಸೆಪ್ಟೆಂಬರ್ 3ರಂದು ಕೆಲಸ ಮಾಡದ ಅದೇ ಉಪಾಯ 21ಕ್ಕೆ ಕೆಲಸ ಮಾಡಿತು. ಹೊಸ ಸೀಲ್‌ನಿಂದಲೋ, ನಿಧಾನ ತುಂಬಿದ್ದರಿಂದಲೋ? ಎರಡನ್ನೂ ಒಟ್ಟಿಗೆ ಬದಲಾಯಿಸಿದ ಮೇಲೆ ಬಿಡಿಸಿ ಹೇಳುವುದು ಕಷ್ಟ. ಪ್ರಯೋಗಾಲಯದವರು ಒಂದೊಂದಾಗಿ ಬದಲಾಯಿಸುತ್ತಿದ್ದರು. ಹಾರಾಟದ ದಿನ ಗೊತ್ತಾಗಿರುವವರಿಗೆ ಆ ಐಷಾರಾಮ ಇಲ್ಲ.

ಹಳೇ ಕಾಯಿಲೆ

1990ರ ಬೇಸಿಗೆಯಲ್ಲಿ ಶಟಲ್‌ಗಳಿಗೂ ಹೀಗೇ ಆಗಿತ್ತು. ಮೇ ಕೊನೆಯಲ್ಲಿ ಕೊಲಂಬಿಯಾ ಸೋರಿತು. ಜೂನ್‌ನಲ್ಲಿ ಅಟ್ಲಾಂಟಿಸ್ ಕೂಡ ಸೋರಿತು. ಒಂದು ಸೋರಿಕೆ ಮುಚ್ಚಿದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ಕಾಣುತ್ತಿತ್ತು. ಕೊಲಂಬಿಯಾ ಹಾರಿದ್ದು ಡಿಸೆಂಬರ್ 2ರಂದು. ಅದನ್ನು ಕಲಿತ ಜನರಲ್ಲಿ ಬಹಳಷ್ಟು ಮಂದಿ 2011ರಲ್ಲಿ ಶಟಲ್ ನಿಂತ ಮೇಲೆ ಬೇರೆ ಕಡೆ ಹೋದರು. ಮಧ್ಯೆ ಹನ್ನೊಂದು ವರ್ಷ ಕೆನಡಿ ಕೇಂದ್ರದಲ್ಲಿ ಇಷ್ಟು ದೊಡ್ಡ ರಾಕೆಟ್ಟಿಗೆ ಯಾರೂ ಹೈಡ್ರೋಜನ್ ತುಂಬಿರಲಿಲ್ಲ. ನಕ್ಷೆ ಉಳಿಯಿತು, ಕೈ ಬಳಕೆ ಹೋಯಿತು.

ರಾಕೆಟ್ಟಿನ ಮಾತಾಯಿತು, ನೆಲದ ಮೇಲಿನ ವಾಹನಗಳಿಗೆ ಈ ಗೋಳಿಲ್ಲ ಅಂದುಕೊಳ್ಳಬೇಡಿ. ಕಾರುಗಳಲ್ಲಿ ಹೈಡ್ರೋಜನ್ ದ್ರವವಲ್ಲ, 700 ಬಾರ್, ಅಂದರೆ ಸುತ್ತಲಿನ ಗಾಳಿಯ ಸುಮಾರು 700 ಪಟ್ಟು ಒತ್ತಡದ ಅನಿಲ. ಚಳಿಯ ಬದಲು ಒತ್ತಡ, ಸಂದು ಮಾತ್ರ ಅದೇ. 2019ರ ಜೂನ್ 10ರಂದು ನಾರ್ವೆಯ ಸಾಂಡ್‌ವಿಕಾದಲ್ಲಿ ಹೈಡ್ರೋಜನ್ ತುಂಬುವ ಸ್ಟೇಷನ್ ಸ್ಫೋಟಗೊಂಡಿತು. ತನಿಖೆಯಲ್ಲಿ ಸಿಕ್ಕ ಕಾರಣ, ಟ್ಯಾಂಕ್‌ನ ಮುಚ್ಚಳದಂಥ ಪ್ಲಗ್‌ನ ಬೋಲ್ಟ್‌ಗಳನ್ನು ಸರಿಯಾಗಿ ಬಿಗಿ ಮಾಡಿರಲಿಲ್ಲ.

ನವೆಂಬರ್ 15ರ ರಾತ್ರಿ

ಸೆಪ್ಟೆಂಬರ್ ಕೊನೆಗೆ ಇಯಾನ್ ಚಂಡಮಾರುತ ಬಂದು ರಾಕೆಟ್ ಮತ್ತೆ ಒಳಗೆ ಹೋಯಿತು. ನವೆಂಬರ್ 4ಕ್ಕೆ ಹೊರಗೆ ಬಂತು. 15ರ ಮಧ್ಯಾಹ್ನ ಇಂಧನ ತುಂಬಲು ಶುರು ಮಾಡಿದರು. ಎಲ್ಲರ ಕಣ್ಣು ಎಂಟು ಇಂಚಿನ ಜೋಡಣೆಯ ಮೇಲೆ. ಅದು ತೆಪ್ಪಗಿತ್ತು.

ರಾತ್ರಿ ಒಂಬತ್ತರ ಮೇಲೆ ಬೇರೆ ಕಡೆ ಸೋರಿತು. ಆವಿಯಾಗಿ ಹೋದಷ್ಟು ಹೈಡ್ರೋಜನ್ ಮತ್ತೆ ತುಂಬುವ ಸಣ್ಣ ವಾಲ್ವ್ ಅದು, ಮೊಬೈಲ್ ಲಾಂಚರ್‌ನ ಬುಡದಲ್ಲಿದೆ. ದೂರದಿಂದ ಬೆಚ್ಚಗೆ ಮಾಡಿ ಸರಿಪಡಿಸುವಂಥದ್ದಲ್ಲ, ನಟ್ಟು ಬಿಗಿ ಮಾಡಬೇಕು. ತುಂಬಿದ ರಾಕೆಟ್ಟಿನ ಹತ್ತಿರ ಹೋಗಲು ತರಬೇತಿ ಪಡೆದವರಿಗೆ ರೆಡ್ ಕ್ರೂ ಎನ್ನುತ್ತಾರೆ. ಅವತ್ತು ಮೂರು ಜನ ಹೋದರು. ತಲೆಯ ಮೇಲೆ ನೂರಾರು ಟನ್ ಇಂಧನ ಸದ್ದು ಮಾಡುತ್ತಾ ಆವಿ ಬಿಡುತ್ತಿತ್ತು. ಅವರು ಸ್ಪ್ಯಾನರ್ ಹಿಡಿದು ಆ ನಟ್ಟುಗಳನ್ನು ಬಿಗಿ ಮಾಡಿ ವಾಪಸ್ ಬಂದರು. ಸೋರಿಕೆ ನಿಂತಿತು.

ಮಧ್ಯರಾತ್ರಿ ಕಳೆದು 1.47ಕ್ಕೆ ಎಂಜಿನ್‌ಗಳು ಹೊತ್ತಿ ರಾಕೆಟ್ ಎದ್ದಿತು. ಎಂಟು ಇಂಚಿನ ಜೋಡಣೆ ಕೈಬಿಟ್ಟಿತು, ಕಂಬ ಹಿಂದಕ್ಕೆ ವಾಲಿಕೊಂಡಿತು.